ಐಸೋಮೆಟ್ರಿಕ್ ಚಿತ್ರ: ವೃತ್ತ, ಮೂಲೆಯ ದುಂಡು, ಗೋಳ, ಓರೆಗೆರೆ – ಎಲ್ಲಿ ತಪ್ಪುತ್ತಿದೆ?

ಹೊಸಗೆರೆ:
ಎಲ್ ಆಕಾರದ ಬ್ರಾಕೆಟ್. ಮೂರು ವ್ಯೂ ಕೊಟ್ಟಿದ್ದಾರೆ, ಐಸೋಮೆಟ್ರಿಕ್ (ಒಂದು ಅಕ್ಷ ನೆಟ್ಟಗೆ, ಎರಡು 30 ಡಿಗ್ರಿಗೆ ಇಟ್ಟು ಮೂರು ಮುಖ ಒಟ್ಟಿಗೆ ತೋರಿಸುವ ಚಿತ್ರ) ಬರೆಯಬೇಕು. ತಳದ ಪ್ಲೇಟ್ 80 ಉದ್ದ, 50 ಅಗಲ, 12 ದಪ್ಪ. ಅದರ ಮುಂದಿನ ಎರಡೂ ಮೂಲೆ 10 ತ್ರಿಜ್ಯದ ದುಂಡು, ಮಧ್ಯೆ 20 ವ್ಯಾಸದ ಎರಡು ತೂತು. ಹಿಂಬದಿಯಲ್ಲಿ ನಿಂತ ಪ್ಲೇಟೂ 12 ದಪ್ಪ. ಅದರ ತಲೆ 40 ತ್ರಿಜ್ಯದ ಅರ್ಧವೃತ್ತ, ಅದೇ ಕೇಂದ್ರಕ್ಕೆ 40 ವ್ಯಾಸದ ತೂತು, ಕೇಂದ್ರ ತಳದಿಂದ 50 ಎತ್ತರ. ಎಲ್ಲವೂ ಮಿಲಿಮೀಟರ್.

ನಾಲ್ಕು ಕಡೆ ಗೊಂದಲ. ಅಳತೆಗಳನ್ನು ಹಾಗೇ ಇಡಬೇಕೋ, 0.816ರಿಂದ ಗುಣಿಸಬೇಕೋ? ನಾಲ್ಕು ಕೇಂದ್ರದ ವಿಧಾನದಲ್ಲಿ ಎಳೆದ ದೀರ್ಘವೃತ್ತ ಟೆಂಪ್ಲೇಟಿನ (ಆಕಾರ ಕೊರೆದ ಅಚ್ಚುಹಲಗೆ) ದೀರ್ಘವೃತ್ತದ ಮೇಲೆ ಏಕೆ ಕೂರುವುದಿಲ್ಲ? ಎರಡು ಮೂಲೆಗೂ ಕೈವಾರದಲ್ಲಿ 10 ಇಟ್ಟು ದುಂಡು ಎಳೆದರೆ ಎರಡೂ ಅಂಚಿಗೆ ತಾಗದೆ ಮುರಿದಂತೆ ಕಾಣುತ್ತದೆ, ಏಕೆ? ತೂತಿನೊಳಗೆ ಕೆಳಗಿನ ಅಂಚು ತೋರಿಸಬೇಕೋ ಬೇಡವೋ?

ಡ್ರಾಫ್ಟರ್42:
ಮೊದಲನೆಯದಕ್ಕೆ ಉತ್ತರ: ಗುಣಿಸಲೇಬೇಕು. ಮೂರು ಅಕ್ಷವೂ ನೋಟಕ್ಕೆ ಸಮನಾಗಿ ಓರೆಯಾಗಿರುವುದರಿಂದ ಅಂಚುಗಳು ಕುಗ್ಗಿ ಕಾಣುತ್ತವೆ. 80ಕ್ಕೆ 65.3, 50ಕ್ಕೆ 40.8, 12ಕ್ಕೆ 9.8. ಹಾಗೇ ಇಟ್ಟರೆ ಚಿತ್ರ ತಪ್ಪು.

ಮೂಲೆಮಟ್ಟ:
ಅಷ್ಟು ಖಡಾಖಂಡಿತವಾಗಿ ಹೇಳಬೇಡಿ ಸರ್. ಐಸೋಮೆಟ್ರಿಕ್ ಪ್ರೊಜೆಕ್ಷನ್ ಬೇರೆ, ಐಸೋಮೆಟ್ರಿಕ್ ಡ್ರಾಯಿಂಗ್ ಬೇರೆ. ಮೊದಲನೆಯದು ನಿಜವಾದ ಪ್ರಕ್ಷೇಪ, ಅಲ್ಲಿ ಕುಗ್ಗಿಸಿದ ಅಳತೆ. ಎರಡನೆಯದರಲ್ಲಿ ಅಕ್ಷಗಳ ಉದ್ದಕ್ಕೂ ನಿಜ ಅಳತೆಯನ್ನೇ ಇಡುತ್ತೇವೆ. ಚಿತ್ರ 22.5 ಶೇಕಡಾ ದೊಡ್ಡದಾಗುತ್ತದೆ, ಆಕಾರ ಒಂದಿಷ್ಟೂ ಬದಲಾಗುವುದಿಲ್ಲ. ಪ್ರಶ್ನೆಯಲ್ಲಿ ಪ್ರೊಜೆಕ್ಷನ್ ಎಂಬ ಪದವಿದ್ದರೆ ಅಥವಾ ಐಸೋಮೆಟ್ರಿಕ್ ಸ್ಕೇಲ್ ಬಳಸಿ ಎಂದಿದ್ದರೆ ಮಾತ್ರ ಕುಗ್ಗಿಸಿ. ಇಲ್ಲಿ ಹಾಗಿಲ್ಲ, 80ಕ್ಕೆ 80 ಇಡಿ.

ಸ್ಕೇಲ್ ಬೇಕಾದಾಗ ಕ್ಯಾಲ್ಕುಲೇಟರ್ ಹಿಡಿಯುವ ಅಗತ್ಯವೂ ಇಲ್ಲ. ಒಂದು ಅಡ್ಡಗೆರೆ ಎಳೆದು, ಅದರ ಒಂದೇ ತುದಿಯಿಂದ 45 ಡಿಗ್ರಿಗೆ ಒಂದು, 30 ಡಿಗ್ರಿಗೆ ಒಂದು ಗೆರೆ. 45ರ ಗೆರೆಯ ಮೇಲೆ ನಿಜ ಅಳತೆಯನ್ನು 10, 20, 30 ಎಂದು ಗುರುತು ಮಾಡಿ, ಪ್ರತಿ ಗುರುತಿನಿಂದ ಅಡ್ಡಗೆರೆಗೆ ಲಂಬ ಇಳಿಸಿ. ಆ ಲಂಬ 30ರ ಗೆರೆಯನ್ನು ಕಡಿಯುವ ಜಾಗವೇ ಕುಗ್ಗಿದ ಅಳತೆ: 45ರ ಮೇಲೆ 100 ಇದ್ದದ್ದು 30ರ ಮೇಲೆ 81.6.

ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸುವುದು ದೊಡ್ಡ ತಪ್ಪು. ತಳದ ಪ್ಲೇಟ್ ಪೂರ್ತಿ ಅಳತೆಗೆ, ನಿಂತ ಪ್ಲೇಟ್ ಕುಗ್ಗಿದ ಅಳತೆಗೆ ಎಳೆದರೆ ಅವು ಸೇರುವ ಅಂಚು 80 ಒಂದು ಕಡೆ, 65.3 ಇನ್ನೊಂದು ಕಡೆ ಬಂದು ನಿಲ್ಲುತ್ತದೆ.

ಡ್ರಾಫ್ಟರ್42:
ಒಪ್ಪಿದೆ. ಡ್ರಾಯಿಂಗ್, ಪ್ರೊಜೆಕ್ಷನ್ ಎರಡನ್ನೂ ಒಂದೇ ಎಂದು ಹೇಳಿದ್ದು ನನ್ನ ತಪ್ಪು. ಆದರೆ ಗೋಳ ಬಂದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಅದನ್ನು ಯಾರಾದರೂ ಬಿಡಿಸಿ ಹೇಳಿ.

ಕೈವಾರ:
ಗೋಳಕ್ಕೆ ಆಮೇಲೆ ಬರೋಣ, ಮೊದಲು ದೀರ್ಘವೃತ್ತ.

40 ವ್ಯಾಸದ ತೂತಿಗೆ, ನಿಂತ ಪ್ಲೇಟಿನ ಮುಖದ ಮೇಲೆ 40 ಬದಿಯ ವಜ್ರಾಕೃತಿ ಎಳೆಯಿರಿ: ಎರಡು ಬದಿ ನೆಟ್ಟಗೆ, ಎರಡು 30 ಡಿಗ್ರಿಗೆ. ನಾಲ್ಕೂ ಬದಿಯ ನಡುಬಿಂದು ಗುರುತಿಸಿ. ವಿಶಾಲಕೋನದ (120 ಡಿಗ್ರಿ) ಎರಡೂ ಮೂಲೆಯಿಂದ ಎದುರಿನ ಎರಡು ಬದಿಗಳ ನಡುಬಿಂದುವಿಗೆ ಗೆರೆ ಎಳೆಯಿರಿ. ಈ ಗೆರೆಗಳು ಉದ್ದನೆಯ ಕರ್ಣವನ್ನು ಕಡಿಯುವ ಎರಡು ಬಿಂದು ಸಣ್ಣ ಕಂಸಗಳ ಕೇಂದ್ರ; ವಿಶಾಲಕೋನದ ಎರಡು ಮೂಲೆ ದೊಡ್ಡ ಕಂಸಗಳ ಕೇಂದ್ರ. ದೊಡ್ಡ ತ್ರಿಜ್ಯ ವ್ಯಾಸದ 0.866, ಸಣ್ಣದು 0.289. ಅಂದರೆ 40ಕ್ಕೆ 34.6 ಮತ್ತು 11.5. ಕೈವಾರ ತೆರೆದಾಗ ಈ ಅಂಕಿ ಬರದಿದ್ದರೆ ವಜ್ರಾಕೃತಿಯೇ ಸೊಟ್ಟ, ಮುಂದೆ ಹೋಗಬೇಡಿ.

ಈಗ ಟೆಂಪ್ಲೇಟ್ ಏಕೆ ಕೂರುವುದಿಲ್ಲ ಎಂಬುದು. ನಾಲ್ಕು ಕಂಸ ಸೇರಿಸಿದ್ದು ದೀರ್ಘವೃತ್ತವಲ್ಲ, ಅದರ ಹತ್ತಿರದ ಅಂದಾಜು. ನಿಜವಾದ ದೀರ್ಘವೃತ್ತದ ದೀರ್ಘಾಕ್ಷ ವ್ಯಾಸದ 1.225 ಪಟ್ಟು, ಹ್ರಸ್ವಾಕ್ಷ 0.707 ಪಟ್ಟು. ನಾಲ್ಕು ಕೇಂದ್ರದ್ದು 1.155 ಮತ್ತು 0.732. 40 ವ್ಯಾಸಕ್ಕೆ ಲೆಕ್ಕ ಹಾಕಿದರೆ ನಿಜವಾದದ್ದು 49.0 ಮತ್ತು 28.3, ನಿಮ್ಮದು 46.2 ಮತ್ತು 29.3. ಉದ್ದದಲ್ಲಿ ಹತ್ತಿರ ಹತ್ತಿರ 3 ಮಿಮೀ ಕಡಿಮೆ, ಅಗಲದಲ್ಲಿ 1 ಮಿಮೀ ಹೆಚ್ಚು. ನಿಮ್ಮ ಕೈ ತಪ್ಪಿಲ್ಲ, ವಿಧಾನವೇ ಅಷ್ಟು.

ಒಳಗಿನ ತೂತು, ಹೊರಗಿನ ಅರ್ಧವೃತ್ತ ಎರಡನ್ನೂ ಇದೇ ವಿಧಾನದಲ್ಲಿ ಎಳೆದರೆ ಎರಡೂ ಒಂದೇ ಪ್ರಮಾಣದಲ್ಲಿ ತಪ್ಪುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಒಳಗಿನದು ಟೆಂಪ್ಲೇಟು, ಹೊರಗಿನದು ಕೈವಾರ ಎಂದರೆ ಆ ಉಂಗುರದ ದಪ್ಪ ಒಂದೊಂದು ಕಡೆ ಒಂದೊಂದು ಥರ. ಟೆಂಪ್ಲೇಟ್ ಬಳಸುವುದಾದರೆ 35 ಡಿಗ್ರಿ 16 ಮಿನಿಟಿನದ್ದು, ಐಸೋಮೆಟ್ರಿಕ್ ಎಂದೇ ಬರೆದಿರುವುದು; 45 ಡಿಗ್ರಿಯದು ಹತ್ತಿರ ಕಂಡರೂ ಇಲ್ಲಿ ಕೆಲಸಕ್ಕೆ ಬಾರದು.

ವಜ್ರಾಕೃತಿ:
ದೀರ್ಘಾಕ್ಷದ ದಿಕ್ಕಿನ ಬಗ್ಗೆ ಒಂದು ಮಾತು, ಏಕೆಂದರೆ ಟೆಂಪ್ಲೇಟ್ ಹಿಡಿಯುವವರು ಎಡವುವುದೇ ಅಲ್ಲಿ. ಯಾವ ಮುಖದ ಮೇಲೆ ವೃತ್ತವಿದೆಯೋ, ಆ ಮುಖದಲ್ಲಿ ಇಲ್ಲದ ಮೂರನೇ ಅಕ್ಷದ ದಿಕ್ಕಿಗೆ ಹ್ರಸ್ವಾಕ್ಷ. ಮೇಲ್ಮುಖದ ತೂತಿಗೆ ಹ್ರಸ್ವಾಕ್ಷ ನೆಟ್ಟಗೆ, ದೀರ್ಘಾಕ್ಷ ಪೂರ್ತಿ ಅಡ್ಡ. ಎಡ–ಬಲ ಮುಖದ ತೂತಿಗೆ ಹ್ರಸ್ವಾಕ್ಷ ತೂತು ಕೊರೆಯುವ ದಿಕ್ಕಿನ 30 ಡಿಗ್ರಿ ಗೆರೆಯ ಮೇಲೆ. ಡ್ರಿಲ್ ಬಿಟ್ ಹೋಗುವ ದಾರಿಯೇ ಹ್ರಸ್ವಾಕ್ಷ ಎಂದು ನೆನಪಿಟ್ಟರೆ ಸಾಕು.

ಸಿಲಿಂಡರಿನ ಹೊರಗೆರೆಯೂ ಇದಕ್ಕೇ ಅಂಟಿಕೊಂಡಿದೆ. ಎರಡು ತುದಿಯ ದೀರ್ಘವೃತ್ತಗಳನ್ನು ಸೇರಿಸುವ ಸ್ಪರ್ಶಕ ಗೆರೆ ದೀರ್ಘಾಕ್ಷದ ತುದಿಯಿಂದ ಹೊರಡಬೇಕು. ವಜ್ರಾಕೃತಿಯ ಬದಿಗೆ ತಾಗುವ ಬಿಂದುವಿನಿಂದ ಎಳೆದರೆ ಸಿಲಿಂಡರ್ ಸೊಂಟ ಹಿಡಿದಂತೆ ಸಣಕಲು, ಎರಡು ಕಡೆ ಸಣ್ಣ ಕಿವಿ. ನಿಮ್ಮ ನಿಂತ ಪ್ಲೇಟಿನ ತಲೆಗೂ ಇದೇ: ಮುಂದಿನ ಅರ್ಧವೃತ್ತವನ್ನು 12 ಹಿಂದೆ ಸರಿಸಿ ಇನ್ನೊಮ್ಮೆ ಎಳೆದು, ದೀರ್ಘಾಕ್ಷದ ಮೇಲಿನ ತುದಿಗೆ ತಾಗುವಂತೆ 30 ಡಿಗ್ರಿಗೆ ಒಂದು ಗೆರೆ. ಸರಿಸುವುದು ಎಂದರೆ ಹೊಸದಾಗಿ ವಜ್ರಾಕೃತಿ ಕಟ್ಟುವುದಲ್ಲ. ಕಂಸಗಳ ಕೇಂದ್ರಗಳನ್ನೇ 12 ಹಿಂದಕ್ಕೆ ಒಯ್ದು ಅದೇ ತ್ರಿಜ್ಯಕ್ಕೆ ಎಳೆಯುವುದು.

ಮೂಲೆಮಟ್ಟ:
ಮೂಲೆಯ ದುಂಡಿಗೆ ಬರುತ್ತೇನೆ. ತಳದ ಪ್ಲೇಟಿನ ಮುಂದಿನ ಅಂಚಿನ ಎರಡು ಮೂಲೆ ನಿಜದಲ್ಲಿ 90 ಡಿಗ್ರಿಯೇ. ಚಿತ್ರದಲ್ಲಿ ಮಾತ್ರ ಒಂದು 120, ಇನ್ನೊಂದು 60. ಕೈವಾರದಲ್ಲಿ 10 ಇಟ್ಟರೆ ಎರಡೂ ಕೆಡುತ್ತವೆ.

ಮೂಲೆಯಿಂದ ಎರಡೂ ಅಂಚಿನ ಮೇಲೆ 10, 10 ಗುರುತು ಮಾಡಿ. ಆ ಗುರುತುಗಳಿಂದ ಅಂಚಿಗೆ ಲಂಬ ಎಳೆಯಿರಿ (ಹಾಳೆಯ ಮೇಲಿನ ನಿಜವಾದ ಲಂಬ, ಐಸೋಮೆಟ್ರಿಕ್ ಅಕ್ಷವಲ್ಲ). ಎರಡು ಲಂಬ ಸೇರುವಲ್ಲಿ ಕೇಂದ್ರ. 120ರ ಮೂಲೆಗೆ ತ್ರಿಜ್ಯ 17.3 ಬರುತ್ತದೆ, 60ರ ಮೂಲೆಗೆ 5.8. ಇದು ನಾಲ್ಕು ಕೇಂದ್ರದ ವಿಧಾನದ ಕಾಲುಭಾಗವೇ, ಬೇರೇನಲ್ಲ.

ಕೆಳಗಿನ ಅಂಚಿಗೆ ಎರಡೂ ಕೇಂದ್ರವನ್ನು 12 ಕೆಳಗೆ ಇಳಿಸಿ. 60ರ ಮೂಲೆಯಲ್ಲಿ ಮೇಲಿನ, ಕೆಳಗಿನ ಕಂಸಗಳ ಹೊರ ತುದಿಗೆ ಒಂದು ನೆಟ್ಟ ಸ್ಪರ್ಶಕ ಬೇಕು. 120ರ ಮೂಲೆಯಲ್ಲಿ ನೆಟ್ಟ ಗೆರೆಯೇ ಇಲ್ಲ. ಅಂಚು ದುಂಡಾದ ಮೇಲೆ ಅಲ್ಲಿ ಗೆರೆ ಎಲ್ಲಿಂದ ಬರಬೇಕು? ಎಷ್ಟೋ ಚಿತ್ರಗಳಲ್ಲಿ ಮೊದಲು ಪೆಟ್ಟಿಗೆಗೆಂದು ಎಳೆದ ಮೂಲೆಗೆರೆಯನ್ನು ಅಳಿಸುವುದನ್ನೇ ಮರೆತಿರುತ್ತಾರೆ.

ಕೈವಾರ:
ತೂತಿನ ಕೆಳಗಿನ ಅಂಚು ಕಾಣುತ್ತದೋ ಇಲ್ಲವೋ ಎನ್ನುವುದಕ್ಕೆ ಊಹೆ ಬೇಡ. ತೂತಿನ ಆಳ ದೀರ್ಘವೃತ್ತದ ಹ್ರಸ್ವಾಕ್ಷಕ್ಕಿಂತ ಕಡಿಮೆ ಇದ್ದರೆ ಕಾಣುತ್ತದೆ, ಹೆಚ್ಚಿದ್ದರೆ ಕಾಣುವುದಿಲ್ಲ. 20 ವ್ಯಾಸಕ್ಕೆ ಹ್ರಸ್ವಾಕ್ಷ 14.1, ನಿಮ್ಮ ದಪ್ಪ 12. ಹಾಗಾಗಿ ತೂತಿನೊಳಗೆ 2 ಮಿಮೀಯಷ್ಟು ತೆಳು ಚಂದ್ರನಂಥ ತುಣುಕು ಕಾಣಬೇಕು. ಅದನ್ನು ಬಿಟ್ಟರೆ ಪ್ಲೇಟ್ 14ಕ್ಕಿಂತ ದಪ್ಪ ಎಂದು ಓದುವವರು ತಿಳಿಯುತ್ತಾರೆ. ನಿಂತ ಪ್ಲೇಟಿನ 40 ವ್ಯಾಸಕ್ಕೆ ಹ್ರಸ್ವಾಕ್ಷ 28.3, ದಪ್ಪ 12, ಅಲ್ಲಿ ಧಾರಾಳವಾಗಿ 16 ಮಿಮೀ ಬಯಲು ಕಾಣುತ್ತದೆ.

ಎಳೆಯುವಾಗ ಮೇಲಿನ ದೀರ್ಘವೃತ್ತದ ಕೇಂದ್ರಗಳನ್ನು ದಪ್ಪದಷ್ಟು ಇಳಿಸಿ, ಮೇಲಿನ ದೀರ್ಘವೃತ್ತದ ಒಳಗೆ ಬೀಳುವ ಭಾಗವನ್ನಷ್ಟೇ ಗಾಢ ಮಾಡಿ.

ಹೊಸಗೆರೆ:
ಮೂಲೆಯ ದುಂಡು ಈಗ ಸರಿ ಕೂತಿತು, 17.3 ಮತ್ತು 5.8. ಇದೇ ಬ್ರಾಕೆಟ್ಟಿಗೆ ತಳ ಮತ್ತು ನಿಂತ ಪ್ಲೇಟಿನ ನಡುವೆ ಓರೆ ರಿಬ್ (ಆಸರೆ ಪಟ್ಟಿ) ಕೂಡ ಇದೆ, ಕೋನವನ್ನು 60 ಡಿಗ್ರಿ ಎಂದು ಕೊಟ್ಟಿದ್ದಾರೆ. ಕೋನಮಾಪಕದಲ್ಲಿ 60 ಇಟ್ಟರೆ ನಿಂತ ಪ್ಲೇಟಿನ ಹೊರಗೇ ಹೋಗುತ್ತದೆ.

ವಜ್ರಾಕೃತಿ:
ಹೋಗಲೇಬೇಕು. ಐಸೋಮೆಟ್ರಿಕ್ಕಿನಲ್ಲಿ ಅಳೆಯಲು ಅನುಮತಿ ಇರುವುದು ಮೂರು ಅಕ್ಷಗಳಿಗೆ ಸಮಾನಾಂತರವಾದ ಗೆರೆಗಳ ಮೇಲೆ ಮಾತ್ರ. ಉಳಿದ ಯಾವ ಗೆರೆಯ ಉದ್ದವೂ ನಿಜವಲ್ಲ, ಯಾವ ಕೋನವೂ ನಿಜವಲ್ಲ. 50 ಬದಿಯ ಚೌಕದ ಎರಡು ಕರ್ಣ ನಿಜದಲ್ಲಿ ತಲಾ 70.7. ಅದೇ ಚೌಕ ಐಸೋಮೆಟ್ರಿಕ್ಕಿನಲ್ಲಿ ಒಂದು ಕರ್ಣ 86.6, ಇನ್ನೊಂದು 50. ಒಂದೇ 45 ಡಿಗ್ರಿ, ಎರಡು ಬೇರೆ ಬೇರೆ ಗೆರೆ.

ಆದ್ದರಿಂದ ಕೋನವನ್ನು ಮರೆತು ತುದಿಗಳನ್ನು ಹಿಡಿಯಿರಿ. ತಳದ ಜೊತೆ 60 ಡಿಗ್ರಿ, ತಳದ ಮೇಲೆ ರಿಬ್ಬಿನ ಚಾಚು 20 ಎಂದಾದರೆ ಎತ್ತರ 20 × 1.732, ಅಂದರೆ 34.6. ತಳದ ಮೇಲೆ ಅಗಲದ ಅಕ್ಷಕ್ಕೆ 20, ನಿಂತ ಮುಖದ ಮೇಲೆ ನೆಟ್ಟಗೆ 34.6, ಎರಡು ಬಿಂದು ಸೇರಿಸಿ. ಕ್ಯಾಲ್ಕುಲೇಟರ್ ಬೇಡವಾದರೆ ಸೈಡ್ ವ್ಯೂನಲ್ಲೇ ಆ ತ್ರಿಕೋನವನ್ನು ಸರಿಯಾಗಿ ಎಳೆದು ಡಿವೈಡರಿನಲ್ಲಿ ಎತ್ತಿಕೊಳ್ಳಿ. ರಿಬ್ಬಿನ ದಪ್ಪದ ಎರಡನೇ ಗೆರೆ ಮೊದಲನೆಯದಕ್ಕೆ ಸಮಾನಾಂತರ. ನಿಜದಲ್ಲಿ ಸಮಾನಾಂತರವಾದವು ಇಲ್ಲಿಯೂ ಸಮಾನಾಂತರವೇ, ಆ ಒಂದು ಸೌಲಭ್ಯ ಉಳಿದಿದೆ.

ಅಂಕುಡೊಂಕಾದ ಅಂಚಿದ್ದರೂ ಇದೇ ದಾರಿ: ಸುತ್ತ ಪೆಟ್ಟಿಗೆ, ವ್ಯೂನಲ್ಲಿ ಬಿಂದುಗಳು, ಪ್ರತಿ ಬಿಂದುವಿಗೆ ಎರಡು ಅಳತೆ, ಆಮೇಲೆ ಫ್ರೆಂಚ್ ಕರ್ವ್.

ಕೈವಾರ:
ಈಗ ಗೋಳ. 60 ಬದಿಯ ಘನದ ಮೇಲೆ 60 ವ್ಯಾಸದ ಗೋಳ ಕೂರಿಸಿ ಎಂಬ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ.

ಗೋಳ ಯಾವ ಕಡೆಯಿಂದ ನೋಡಿದರೂ ವೃತ್ತ, ಅದು ಕುಗ್ಗುವುದಿಲ್ಲ. ಘನ ಕುಗ್ಗುತ್ತದೆ. ಹಾಗಾಗಿ ಪ್ರೊಜೆಕ್ಷನ್ನಿನಲ್ಲಿ: ಮೇಲ್ಮುಖದ ಕರ್ಣಗಳು ಸೇರುವ ಬಿಂದು ತಾಗುಬಿಂದು, ಅಲ್ಲಿಂದ 24.5 ಮೇಲೆ (30ರ ಕುಗ್ಗಿದ ಅಳತೆ) ಕೇಂದ್ರ, ತ್ರಿಜ್ಯ ಮಾತ್ರ ಪೂರ್ತಿ 30. ಡ್ರಾಯಿಂಗಿನಲ್ಲಿ: ಕೇಂದ್ರ 30 ಮೇಲೆ, ತ್ರಿಜ್ಯ 30 × 1.225, ಅಂದರೆ 36.7.

ಎರಡರಲ್ಲೂ ತಾಗುಬಿಂದು ಗೋಳದ ಹಿಂದೆ ಮರೆಯಾಗುತ್ತದೆ. ವೃತ್ತದ ಅಡಿ ಅದಕ್ಕಿಂತ ಕೆಳಗೆ ಬರುತ್ತದೆ, ಪ್ರೊಜೆಕ್ಷನ್ನಿನಲ್ಲಿ 5.5, ಡ್ರಾಯಿಂಗಿನಲ್ಲಿ 6.7. ನಿಮ್ಮ ವೃತ್ತ ಸರಿಯಾಗಿ ತಾಗುಬಿಂದುವಿನ ಮೇಲೇ ನಿಂತಿದ್ದರೆ ಕೇಂದ್ರಕ್ಕೂ ತ್ರಿಜ್ಯಕ್ಕೂ ಒಂದೇ ಅಳತೆ ಹಾಕಿದ್ದೀರಿ ಎಂದರ್ಥ. ತಿದ್ದುವವರು ಮೊದಲು ನೋಡುವುದು ಅದನ್ನೇ.

ಡ್ರಾಯಿಂಗಿನಲ್ಲಿ 1.225 ಏಕೆ ಎಂದು ಅನುಮಾನವಿದ್ದರೆ ಗೋಳದ ಕೇಂದ್ರದಲ್ಲಿ ಮೂರು ಮುಖಗಳಿಗೂ 60 ವ್ಯಾಸದ ನಿಜವಾದ ದೀರ್ಘವೃತ್ತ ಎಳೆದು ನೋಡಿ. ಮೂರರ ದೀರ್ಘಾಕ್ಷವೂ 73.5. ಗೋಳದ ಮೇಲಿನ ವೃತ್ತ ಗೋಳದ ಹೊರಗೆ ಇಣುಕಲಾರದು, ಹಾಗಾಗಿ ಹೊರವೃತ್ತದ ವ್ಯಾಸ 73.5. ಈ ಪರೀಕ್ಷೆಗೆ ನಾಲ್ಕು ಕೇಂದ್ರದ ದೀರ್ಘವೃತ್ತ ಎಳೆದರೆ 69.3 ಬಂದು ಇನ್ನಷ್ಟು ಗೊಂದಲ.

ಗೆರೆಗುರುತು:
ಇಷ್ಟೆಲ್ಲ ದೀರ್ಘವೃತ್ತದ ಪಾಡು ಏಕೆ? ಈ ಬ್ರಾಕೆಟ್ಟಿಗೆ ಒಬ್ಲಿಕ್ ಸಾಕಿತ್ತು. ದೊಡ್ಡ ತೂತು, ಅರ್ಧವೃತ್ತ ಎರಡೂ ಒಂದೇ ಮುಖದಲ್ಲಿವೆ. ಆ ಮುಖವನ್ನು ಎದುರಿಗೆ ಇಟ್ಟರೆ ಕೈವಾರದಲ್ಲಿ ನೇರ ವೃತ್ತ. ಆಳಕ್ಕೆ 45 ಡಿಗ್ರಿ, ಅರ್ಧ ಅಳತೆ: 50ಕ್ಕೆ 25, 12ಕ್ಕೆ 6. ಇದು ಕ್ಯಾಬಿನೆಟ್. ಪೂರ್ತಿ ಆಳ ಇಟ್ಟರೆ ಕ್ಯಾವಲಿಯರ್, ಅದರಲ್ಲಿ ಘನವೂ ಉದ್ದನೆಯ ಡಬ್ಬಿಯಂತೆ ಕಾಣುತ್ತದೆ.

ವಜ್ರಾಕೃತಿ:
ತಳದ ಪ್ಲೇಟಿನ ಎರಡು ತೂತುಗಳನ್ನು ಮರೆತಿರಲ್ಲ! ಅವು ಮೇಲ್ಮುಖದಲ್ಲಿವೆ. ಕ್ಯಾಬಿನೆಟ್ಟಿನಲ್ಲಿ 20 ಅಡ್ಡ, 10 ಓರೆ ಇರುವ ಸಮಾಂತರ ಚತುರ್ಭುಜ ಬರುತ್ತದೆ. ಬದಿಗಳು ಸಮವಲ್ಲ, ಹಾಗಾಗಿ ನಾಲ್ಕು ಕೇಂದ್ರದ ವಿಧಾನ ನಡೆಯುವುದೇ ಇಲ್ಲ. ಬಿಂದು ಬಿಂದು ಇಡಬೇಕು: ಕೇಂದ್ರದಿಂದ ಅಡ್ಡ 5ಕ್ಕೆ ಅರ್ಧ ಜ್ಯಾ (ವೃತ್ತವನ್ನು ಕಡಿಯುವ ಗೆರೆಯ ಅರ್ಧ) 8.66, ಅಡ್ಡ 8.66ಕ್ಕೆ 5. ಅಡ್ಡ ಅಳತೆ ಹಾಗೇ, ಜ್ಯಾದ ಅಳತೆ ಅರ್ಧ ಮಾಡಿ 45ರ ಗೆರೆಯ ಮೇಲೆ: 4.33, 2.5. ತೂತೊಂದಕ್ಕೆ ಹನ್ನೆರಡು ಬಿಂದು. ಕ್ಯಾವಲಿಯರ್‌ನಲ್ಲಾದರೆ ಬದಿ ಸಮ, ಬದಿಗಳ ನಡುಬಿಂದುವಿನಿಂದ ಲಂಬ ಎಳೆದು ಕೇಂದ್ರ ಹುಡುಕಬಹುದು. ಆದರೆ ಅಲ್ಲಿ ಮೂಲೆ 60 ಅಲ್ಲದ್ದರಿಂದ ಲಂಬಗಳು ವಿಶಾಲಕೋನದ ಮೂಲೆಗೆ ಹೋಗುವುದಿಲ್ಲ, ಮೂಲೆಯನ್ನೇ ಕೇಂದ್ರ ಮಾಡಿಕೊಳ್ಳಬೇಡಿ.

ಗೆರೆಗುರುತು:
ಸರಿ, ಸಣ್ಣ ತೂತು ನನ್ನ ಲೆಕ್ಕದಿಂದ ತಪ್ಪಿತ್ತು. ಪುಲ್ಲಿ, ಫ್ಲ್ಯಾಂಜ್, ಬುಷ್ ಇಂಥವಕ್ಕೆ ನನ್ನ ಮಾತು ನಿಲ್ಲುತ್ತದೆ. ಮೂರು ಕಡೆ ಮುಖದಲ್ಲೂ ವೃತ್ತವಿದ್ದರೆ ಐಸೋಮೆಟ್ರಿಕ್ಕೇ ಸುಲಭ.

ಮಧ್ಯದ ದಾರಿ ಡೈಮೆಟ್ರಿಕ್. ಒಂದು ಅಕ್ಷ 7 ಡಿಗ್ರಿ, ಇನ್ನೊಂದು 42 ಡಿಗ್ರಿ, 42ರ ಮೇಲೆ ಅರ್ಧ ಅಳತೆ, ಉಳಿದೆರಡರ ಮೇಲೆ ಪೂರ್ತಿ. ಎದುರು ಮುಖದ ವೃತ್ತ 1.06, 0.94 ಪಟ್ಟಿನ ದೀರ್ಘವೃತ್ತ, ಹೆಚ್ಚು ಕಡಿಮೆ ದುಂಡಗೇ. ಉಳಿದೆರಡು ಮುಖದಲ್ಲಿ 1.06, 0.35, ತುಂಬ ಚಪ್ಪಟೆ. ಇದಕ್ಕೆ ಇನ್ನೊಂದು ಲಾಭವಿದೆ: ಐಸೋಮೆಟ್ರಿಕ್ಕಿನಲ್ಲಿ ಘನದ ಮುಂದಿನ ಮೂಲೆ, ಹಿಂದಿನ ಮೂಲೆ ಒಂದರ ಮೇಲೊಂದು ಬಿದ್ದು ಷಡ್ಭುಜವಾಗುತ್ತದೆ, ಡೈಮೆಟ್ರಿಕ್ಕಿನಲ್ಲಿ ಹಾಗಾಗುವುದಿಲ್ಲ. ಕೇಂಬ್ರಿಜ್‌ನ ವಿಲಿಯಂ ಫಾರಿಷ್ 1822ರಲ್ಲಿ ಐಸೋಮೆಟ್ರಿಕ್ಕಿಗೆ ನಿಯಮ ಬರೆದದ್ದು ಮೂರೂ ಅಕ್ಷಕ್ಕೆ ಒಂದೇ ಸ್ಕೇಲ್ ಎಂಬ ಅನುಕೂಲಕ್ಕೆ. ಆ ಷಡ್ಭುಜದ ಕಾಟ ಆ ಅನುಕೂಲದ ಬೆಲೆ.

ದಿಗಂತರೇಖೆ:
ಪರ್ಸ್‌ಪೆಕ್ಟಿವ್ (ದೂರದ್ದು ಚಿಕ್ಕದಾಗಿ ಕಾಣುವ ಚಿತ್ರ) ಬಗ್ಗೆ ಯಾರೂ ಹೇಳಲಿಲ್ಲ. ಬಿಡಿಭಾಗಕ್ಕೆ ಬೇಡ ಎಂಬುದು ಸರಿ, ಅದರಿಂದ ಅಳತೆ ಎತ್ತಲಾಗದು. ಆದರೂ ಎಳೆಯುವುದಾದರೆ ಹಾಳೆಯ ಲೆಕ್ಕ ಮೊದಲು ಮಾಡಿ.

80 × 50ರ ತಳದ ಕರ್ಣ 94. ನೋಟದ ಶಂಕು 30 ಡಿಗ್ರಿ ಒಳಗಿರಲು ಕಣ್ಣಿನ ದೂರ ಅಗಲದ 1.87 ಪಟ್ಟು, ಸುಮಾರು 180. ಉದ್ದದ ಬದಿ ಚಿತ್ರತಲಕ್ಕೆ (ಚಿತ್ರ ಮೂಡುವ ಸಮತಲ) 30 ಡಿಗ್ರಿ, ಅಗಲದ ಬದಿ 60 ಎಂದರೆ ಮಾಯಬಿಂದುಗಳು (ಸಮಾನಾಂತರ ಗೆರೆಗಳು ದೂರದಲ್ಲಿ ಸೇರಿದಂತೆ ಕಾಣುವ ಬಿಂದು) ಮಧ್ಯದಿಂದ ಒಂದು ಕಡೆ 312, ಇನ್ನೊಂದು ಕಡೆ 104. ಒಟ್ಟು 416. ಎ3 ಹಾಳೆಯೇ 420, ಮಾರ್ಜಿನ್ ಬಿಟ್ಟರೆ ಮಾಯಬಿಂದು ಹಾಳೆಯ ಹೊರಗೆ. ಎ2 ತೆಗೆದುಕೊಳ್ಳಿ, ಇಲ್ಲವೇ 45–45ಕ್ಕೆ ತಿರುಗಿಸಿ, ಆಗ 360. ತಾಳೆ ನೋಡಲು: ಎರಡು ದೂರಗಳ ಗುಣಲಬ್ಧ ಕಣ್ಣಿನ ದೂರದ ವರ್ಗಕ್ಕೆ ಸಮನಾಗಬೇಕು. ಹಾಳೆಗೆ ಹಿಡಿಸಲೆಂದು ಮಾಯಬಿಂದುಗಳನ್ನು ಸುಮ್ಮನೆ ಒಳಗೆ ಎಳೆದರೆ ಕಣ್ಣು ವಸ್ತುವಿಗೆ ಅಂಟಿಕೊಂಡಂತಾಗಿ ಹತ್ತಿರದ ಮೂಲೆ ಚೂಪಾಗಿ ಮುಂದೆ ಚಾಚುತ್ತದೆ.

ಎತ್ತರವನ್ನು ಚಿತ್ರತಲಕ್ಕೆ ತಾಗಿದ ಅಂಚಿನ ಮೇಲೆ ಮಾತ್ರ ಅಳೆಯಬೇಕು. ಹಿಂದಿನ ಪ್ಲೇಟಿನ 90 ಎತ್ತರವನ್ನು ಆ ಅಂಚಿನಲ್ಲಿ ಗುರುತಿಸಿ ಮಾಯಬಿಂದುವಿನ ಕಡೆಗೆ ಒಯ್ಯಿರಿ. ಹಿಂದೆ ಹೋಗಿ ನೇರ 90 ಇಟ್ಟರೆ ಪ್ಲೇಟ್ ಆಕಾಶಕ್ಕೆ ಏರುತ್ತದೆ.

ಡ್ರಾಫ್ಟರ್42:
ಆಟೋಕ್ಯಾಡ್‌ನಲ್ಲಿ (ಕಂಪ್ಯೂಟರಿನಲ್ಲಿ ಚಿತ್ರ ಎಳೆಯುವ ತಂತ್ರಾಂಶ) ಇದನ್ನೇ ಎಳೆಯುವವರಿಗೆ ಮೂರು ಹಳ್ಳಗಳಿವೆ, ಮೂರರಲ್ಲೂ ಬೀಳುವವರಿದ್ದಾರೆ.

ಐಸೋಡ್ರಾಫ್ಟ್ (ಐಸೋಮೆಟ್ರಿಕ್ ಎಳೆಯುವ ವ್ಯವಸ್ಥೆ) ಹಾಕಿ ಎಫ್5ರಿಂದ ಮುಖ ಬದಲಿಸಿದ ಮೇಲೂ ಸರ್ಕಲ್ ಆಜ್ಞೆ ಎದುರಿನ ವೃತ್ತವನ್ನೇ ಎಳೆಯುತ್ತದೆ. ಎಲಿಪ್ಸ್ ಆಜ್ಞೆಯೊಳಗಿನ ಐಸೋಸರ್ಕಲ್ ಬಳಸಬೇಕು. ಎರಡನೆಯದು ಆಫ್‌ಸೆಟ್: ಅದು ಲಂಬ ದೂರ ಅಳೆಯುತ್ತದೆ, ಅಕ್ಷದ ದೂರವಲ್ಲ. 10 ಆಫ್‌ಸೆಟ್ ಕೊಟ್ಟರೆ ಅಕ್ಷದ ಮೇಲೆ 11.55 ಸರಿಯುತ್ತದೆ. 12 ದಪ್ಪ ಬೇಕೆಂದರೆ 10.39 ಕೊಡಬೇಕು, ಅದಕ್ಕಿಂತ ಕಾಪಿ ಮಾಡುವುದೇ ಮೇಲು. ಐಸೋಸರ್ಕಲ್‌ಗೆ ಆಫ್‌ಸೆಟ್ ಹಾಕಿದರೆ ಬರುವುದು ದೀರ್ಘವೃತ್ತವೇ ಅಲ್ಲ. ಒಳಗಿನ ತೂತಿಗೆ ಹೊಸ ಐಸೋಸರ್ಕಲ್ ಹಾಕಿ. ಮೂರನೆಯದು, ತ್ರೀಡಿ ಮಾಡೆಲಿನ ಐಸೋಮೆಟ್ರಿಕ್ ವ್ಯೂ ನಿಜವಾದ ಪ್ರೊಜೆಕ್ಷನ್. ಒಂದಕ್ಕೊಂದು ಸ್ಕೇಲಿನಲ್ಲಿ ಪ್ರಿಂಟ್ ತೆಗೆದರೆ 80 ಇದ್ದದ್ದು ಹಾಳೆಯಲ್ಲಿ 65.3. ಕೈಯಲ್ಲಿ ಎಳೆದದ್ದಕ್ಕೆ ಹೊಂದಿಸಬೇಕಾದರೆ ವ್ಯೂಪೋರ್ಟ್ ಸ್ಕೇಲ್ 1.2247.

ಅಳತೆ ಹಾಕುವಾಗ ಅಲೈನ್ಡ್ ಡೈಮೆನ್ಶನ್ ಹಾಕಿ, ಆಮೇಲೆ ಡಿಮ್‌ಎಡಿಟ್‌ನ ಒಬ್ಲಿಕ್‌ನಲ್ಲಿ 30, 90 ಅಥವಾ 150 ಕೊಟ್ಟು ಚಾಚುಗೆರೆಯನ್ನು ಅಕ್ಷಕ್ಕೆ ಹೊಂದಿಸಿ.

ಹೊಸಗೆರೆ:
ಕೊನೆಯದಾಗಿ ಎರಡು. ಪೆಟ್ಟಿಗೆ ಎಳೆದಾಗ ಮೇಲಿನ ಹಿಂದಿನ ಮೂಲೆಯಲ್ಲಿ ಗೆರೆಗಳು ಸೇರದೆ 1 ಮಿಮೀ ಬಿರುಕು ಉಳಿಯುತ್ತದೆ. ಮತ್ತೆ, ಮರೆಯಾದ ಅಂಚುಗಳಿಗೆ ತುಂಡುಗೆರೆ ಹಾಕಬೇಕೇ?

ಮೂಲೆಮಟ್ಟ:
ಬಿರುಕು ಬಂದರೆ ಎರಡೂ 30ರ ಗೆರೆಗಳಲ್ಲಿ ಒಂದು 30 ಅಲ್ಲ. ಸೆಟ್ ಸ್ಕ್ವೇರನ್ನು ಮಗುಚಿ ಎರಡೂ ಕಡೆ ಎಳೆಯುವಾಗ ಟೀ ಸ್ಕ್ವೇರಿನ ತಲೆ ಬೋರ್ಡಿನ ಅಂಚಿನಿಂದ ಎದ್ದಿರುತ್ತದೆ. ಅರ್ಧ ಡಿಗ್ರಿ ತಪ್ಪಿದರೂ 80 ಮಿಮೀ ಕೊನೆಗೆ 0.7 ಮಿಮೀ. ಆ ಮೂಲೆಯನ್ನು ಎಳೆದು ಸೇರಿಸಬೇಡಿ. ಅದೇ ತಪ್ಪು ದೀರ್ಘವೃತ್ತದ ವಜ್ರಾಕೃತಿಗೂ ಹೋಗಿ ಕಂಸಗಳು ಒಂದನ್ನೊಂದು ಮುಟ್ಟುವುದಿಲ್ಲ. ಪೆಟ್ಟಿಗೆಯನ್ನು ಗಟ್ಟಿ ಪೆನ್ಸಿಲ್ 2ಎಚ್‌ನಲ್ಲಿ ತೆಳುವಾಗಿ ಮತ್ತೆ ಎಳೆಯಿರಿ, ಕಂಸಗಳನ್ನು ಮೊದಲು ಗಾಢ ಮಾಡಿ, ನೇರ ಗೆರೆಗಳನ್ನು ಆಮೇಲೆ.

ತುಂಡುಗೆರೆ ಬೇಡ. ನಿಮ್ಮ ಬ್ರಾಕೆಟ್ಟಿನಲ್ಲಿ ಕಾಣದ ಯಾವ ಆಕಾರವೂ ಇಲ್ಲ. ಹಿಂಬದಿಯಲ್ಲಿ ತೋರಿಸಲೇಬೇಕಾದ ಕುಳಿ ಇದ್ದಿದ್ದರೆ ಆಗಲೂ ತುಂಡುಗೆರೆಗಿಂತ ವಸ್ತುವನ್ನು ತಿರುಗಿಸಿ ಎಳೆಯುವುದು ಅಥವಾ ಅರ್ಧ ಕತ್ತರಿಸಿ ತೋರಿಸುವುದು ಒಳ್ಳೆಯದು. ತೂತುಗಳಿಗೆ ಮಧ್ಯರೇಖೆ ಹಾಕಿ, ಅವು ಆ ಮುಖದ ಎರಡು ಅಕ್ಷಗಳಿಗೆ ಸಮಾನಾಂತರ. ದೀರ್ಘಾಕ್ಷ, ಹ್ರಸ್ವಾಕ್ಷಗಳ ಮೇಲೆ ಅಲ್ಲ.